ನೋಡುವವರ ಮುಂದೆ ದಡ ಸೇರುವುದು

ಮಂಗಳೂರಿನ ಸುಲ್ತಾನ್ ಬತ್ತೇರಿಯಲ್ಲಿ, 1784ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಕಪ್ಪುಕಲ್ಲಿನ ಕಾವಲುಗೋಪುರದ ಪಕ್ಕದಲ್ಲಿ ಕುಳಿತು, ಗುರುಪುರ ನದಿಯನ್ನು ನೋಡುತ್ತ ನಾನು ಹಲವು ಸಂಜೆಗಳನ್ನು ಕಳೆದಿದ್ದೇನೆ. ಎದುರು ದಡದಲ್ಲಿ ತಣ್ಣೀರುಬಾವಿ. ಅದರಾಚೆ ಅರಬ್ಬೀ ಸಮುದ್ರ. ಭಾನುವಾರದ ಸಂಜೆ ಸಮುದ್ರತೀರಕ್ಕೆ ಹೋಗಿಬರುವ ಕುಟುಂಬಗಳನ್ನು ಹೊತ್ತು ಯಂತ್ರದೋಣಿ ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ಓಡಾಡುತ್ತಿದ್ದ ದೃಶ್ಯ ನನಗೆ ಬಹು ಪ್ರಿಯವಾದುದು. ಕಾಯುತ್ತ ನಿಂತವರಿಗೆ ಬೇರೆ ಕೆಲಸವೇನಿದೆ? ಎಲ್ಲರ ಕಣ್ಣೂ ಬರುತ್ತಿರುವ ದೋಣಿಯ ಮೇಲೆಯೇ. ನದಿಯ ನಡುವೆ ಅದು ಹೇಗೆ ಬಂದಿತೆಂದು ಯಾರೂ ಗಮನಿಸುವುದಿಲ್ಲ. ಆದರೆ ಕೊನೆಯ ಮೂವತ್ತು ಅಡಿಗಳ ದಾರಿಯನ್ನು ಎಲ್ಲರೂ ನೋಡುತ್ತಾರೆ. ದೋಣಿ ಹೂವಿನಂತೆ ಬಂದು ಜೆಟ್ಟಿಗೆ ತಾಗಿದರೆ ಯಾರೂ ಮಾತನಾಡುವುದಿಲ್ಲ; ಧಡಕ್ಕನೆ ಬಡಿದರೆ ನಗು, ಕೂಗು, ಸಲಹೆ ಎಲ್ಲವೂ ಒಟ್ಟಿಗೆ ಕೇಳಿಬರುತ್ತವೆ.

ಒಂದು ಸಂಜೆ ದೋಣಿಯೊಂದು ಎಷ್ಟು ನಯವಾಗಿ ಬಂದು ನಿಂತಿತೆಂದರೆ, ಬದಿಗೆ ಕಟ್ಟಿದ್ದ ಹಳೆಯ ಟಯರು ಜೆಟ್ಟಿಯನ್ನು ಮುಟ್ಟಿದ ಸದ್ದೂ ಕೇಳಿಸಲಿಲ್ಲ. ಚುಕ್ಕಾಣಿ ಹಿಡಿದಿದ್ದ ನಡುವಯಸ್ಸಿನ ವ್ಯಕ್ತಿ ಒಂದು ಕ್ಷಣ ತಲೆಯೆತ್ತಿ ದಡದಲ್ಲಿದ್ದ ನಮ್ಮನ್ನೆಲ್ಲ ನೋಡಿದರು. ಅವರ ಮುಖದಲ್ಲಿ ಮುಗುಳುನಗೆಯೂ ಇರಲಿಲ್ಲ. ಆದರೂ ಆ ನೋಟದಲ್ಲಿ ಹೆಮ್ಮೆಯಿತ್ತು. ಅದನ್ನು ಕಂಡು ನನಗೆ ಸಂತೋಷವಾಯಿತು. ಮರುಕ್ಷಣವೇ ಒಂದು ಹಳೆಯ ನೋವೂ ನೆನಪಾಯಿತು. ಆ ಹೆಮ್ಮೆ ಸರಿಯೇ, ತಪ್ಪೇ? ಬಾಲ್ಯದಿಂದಲೂ ಅಹಂಕಾರವೇ ಪಾಪಗಳ ಮೂಲವೆಂದು ಕೇಳಿ ಬೆಳೆದ ನಾವು, ತನ್ನ ಕೈಕೆಲಸವನ್ನು ನಾಲ್ಕು ಜನ ನೋಡಲೆಂದು ಬಯಸುವವನನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕು? ಈ ಪ್ರಶ್ನೆಯನ್ನು ನಿಮ್ಮೊಂದಿಗೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಮೊದಲಿಗೆ, ದೋಣಿಯನ್ನು ದಡಕ್ಕೆ ತಂದು ನಿಲ್ಲಿಸುವುದು ಏಕೆ ಅಷ್ಟು ಕಷ್ಟವೆಂಬುದನ್ನು ತಿಳಿಯೋಣ. ರಸ್ತೆಯ ವಾಹನಕ್ಕೆ ಬ್ರೇಕು ಇದೆ, ದೋಣಿಗೆ ಇಲ್ಲ. ಎಂಜಿನ್ನಿನ ಶಕ್ತಿಯನ್ನು ತೆಗೆದ ಮೇಲೂ ಅದು ತನ್ನ ಭಾರದ ಓಟದಿಂದ ಮುಂದೆ ಸರಿಯುತ್ತಲೇ ಇರುತ್ತದೆ. ಅದನ್ನು ತಡೆಯಲು ಪ್ರೊಪೆಲ್ಲರನ್ನು ಹಿಮ್ಮುಖವಾಗಿ ತಿರುಗಿಸಬೇಕು. ಅದೂ ತಕ್ಷಣ ಫಲ ಕೊಡುವುದಿಲ್ಲ. ಕಾರಿನ ಮುಂದಿನ ಚಕ್ರಗಳು ತಿರುಗಿದರೆ, ದೋಣಿಯಲ್ಲಿ ತಿರುಗುವುದು ಹಿಂಭಾಗ. ಮೂತಿಯನ್ನು ಎಡಕ್ಕೆ ತಿರುಗಿಸಿದರೆ ಹಿಂಭಾಗ ಬಲಕ್ಕೆ ಬೀಸುತ್ತದೆ. ಅಲ್ಲಿ ಜೆಟ್ಟಿಯ ಕಂಬವಿದ್ದರೆ ಅದಕ್ಕೆ ಬಡಿಯುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಚುಕ್ಕಾಣಿ ಕೆಲಸ ಮಾಡಬೇಕಾದರೆ ಅದರ ಮೇಲೆ ನೀರು ಹರಿಯುತ್ತಿರಬೇಕು. ವೇಗ ತಗ್ಗಿದಷ್ಟೂ ಚುಕ್ಕಾಣಿಯ ಮಾತನ್ನು ದೋಣಿ ಕೇಳುವುದಿಲ್ಲ. ವೇಗ ಹೆಚ್ಚಿದಷ್ಟೂ ಹೊಡೆತ ಜೋರಾಗುತ್ತದೆ. ಈ ಎರಡರ ನಡುವಿನ ಕಿರಿದಾದ ಹಾದಿಯಲ್ಲಿಯೇ ತಾಂಡೇಲನ ಜಾಣ್ಮೆ ಇರುವುದು.

ಇದರ ಜೊತೆಗೆ ಗಾಳಿ, ನೀರಿನ ಸೆಳೆತ. ಸುಲ್ತಾನ್ ಬತ್ತೇರಿಯ ಬಳಿ ಗುರುಪುರ ನದಿ ಸಮುದ್ರಕ್ಕೆ ಸಮಾನಾಂತರವಾಗಿ ದಕ್ಷಿಣದ ಕಡೆಗೆ ಹರಿದು, ಮುಂದೆ ನೇತ್ರಾವತಿಯೊಡನೆ ಅಳಿವೆ ಬಾಗಿಲಿನಲ್ಲಿ ಕಡಲನ್ನು ಸೇರುತ್ತದೆ. ಇಳಿತದ ಹೊತ್ತಿನಲ್ಲಿ ನೀರು ಅಳಿವೆಯ ಕಡೆಗೆ ಎಳೆಯುತ್ತದೆ. ಭರತದ ಹೊತ್ತಿನಲ್ಲಿ ಕಡಲು ಒಳಗೆ ನುಗ್ಗಿ ಅದೇ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಲೆಕ್ಕ ಮಧ್ಯಾಹ್ನಕ್ಕೆ ಸರಿಯಾಗದು. ಬಲ್ಲವರು ಸೆಳೆತಕ್ಕೆ ಎದುರಾಗಿ ದೋಣಿಯನ್ನು ತಿರುಗಿಸಿಕೊಂಡು ಬರುತ್ತಾರೆ. ಆಗ ನೀರೇ ಬ್ರೇಕಿನ ಕೆಲಸ ಮಾಡುತ್ತದೆ. ದಡಕ್ಕೆ ಹೋಲಿಸಿದರೆ ದೋಣಿ ಮೆಲ್ಲನೆ ಸರಿಯುತ್ತಿದ್ದರೂ ಚುಕ್ಕಾಣಿಯ ಮೇಲೆ ನೀರು ಹರಿಯುತ್ತಲೇ ಇರುತ್ತದೆ. ಜೆಟ್ಟಿಗೆ ಓರೆಯಾಗಿ, ಇಪ್ಪತ್ತು ಮೂವತ್ತು ಡಿಗ್ರಿಯ ಕೋನದಲ್ಲಿ, ಒಂದಿಷ್ಟು ಎಂಜಿನ್ ಕೊಟ್ಟು ಮತ್ತೆ ನ್ಯೂಟ್ರಲ್‌ಗೆ ತಂದು, ಹೀಗೆ ಅಳೆದು ಸುರಿದು ಹತ್ತಿರ ಬರುತ್ತಾರೆ. ಕೊನೆಗೆ ಮೂತಿಯನ್ನು ಸ್ವಲ್ಪ ಆಚೆಗೆ ಸರಿಸಿ, ಹಿಮ್ಮುಖವಾಗಿ ಒಂದು ಚಿಕ್ಕ ಎಳೆತ ಕೊಟ್ಟಾಗ ದೋಣಿ ದಡದ ಉದ್ದಕ್ಕೆ ಒರಗಿ ನಿಲ್ಲುತ್ತದೆ. ಖಲಾಸಿ ಹಗ್ಗವನ್ನು ಎಸೆಯುವುದಿಲ್ಲ. ಕೈಯಲ್ಲಿ ಹಿಡಿದು ಇಳಿಯುತ್ತಾನೆ. ಇಷ್ಟೆಲ್ಲ ನಡೆಯುವುದು ಒಂದೆರಡು ನಿಮಿಷಗಳಲ್ಲಿ. ನೋಡುವವರಿಗೆ ಏನೂ ನಡೆದಂತೆ ಕಾಣುವುದಿಲ್ಲ.

ಇಂಥ ವಿದ್ಯೆಯನ್ನು ವರ್ಷಗಟ್ಟಲೆ ಕಲಿತವನು ಅದರಲ್ಲಿ ಸಂತೋಷಪಡುವುದು ತಪ್ಪಾಗಲಾರದು. ನಮ್ಮ ಕನ್ನಡವೇ ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮವಾಗಿದೆ. ಹೆಮ್ಮೆ, ಅಭಿಮಾನ, ಗರ್ವ, ಜಂಬ, ಒಣಪ್ರತಿಷ್ಠೆ, ಅಹಂಕಾರ ಎಂಬ ಮಾತುಗಳು ಒಂದರ ಬದಲಿಗೆ ಇನ್ನೊಂದು ಬರುವಂಥವಲ್ಲ. ಮಗಳು ಚೆನ್ನಾಗಿ ಓದಿದಳೆಂದು ತಾಯಿ ಹೆಮ್ಮೆಪಡುತ್ತಾಳೆ. ಅದನ್ನು ಅಹಂಕಾರವೆಂದು ಯಾರೂ ಕರೆಯುವುದಿಲ್ಲ. ಬಡಗಿ ತಾನು ಮಾಡಿದ ಬಾಗಿಲು ಬಿಗಿಯಾಗಿ ಕೂತದ್ದನ್ನು ಎರಡು ಸಲ ತೆರೆದು ಮುಚ್ಚಿ ನೋಡುತ್ತಾನೆ, ಅದು ಜಂಬವಲ್ಲ. ಹಾಗಾದರೆ ಗೆರೆ ಎಲ್ಲಿದೆ? ಆ ಗೆರೆಯನ್ನು ನಾನು ಪುಸ್ತಕದಿಂದ ತಿಳಿಯಲಿಲ್ಲ. ಅದನ್ನು ದಾಟಿದ ಮೇಲೆ ತಿಳಿದೆ.

ನನಗೆ ಆಗ ಇಪ್ಪತ್ತಮೂರು ವರ್ಷ. ನಮ್ಮ ಮನೆ ನದೀತೀರದಲ್ಲಿತ್ತು. ಸೋದರಮಾವನ ಬಳಿ ಒಂದು ಫೈಬರ್ ದೋಣಿ, ಹಿಂಬದಿಗೆ ತಗಲಿಸಿದ ಎಂಜಿನ್. ಆ ಹಳ್ಳಿಯಲ್ಲಿ ಬಹುಕಾಲ ತಾಂಡೇಲರಾಗಿದ್ದ ಒಬ್ಬ ಹಿರಿಯರು ನನಗೆ ದೋಣಿ ನಡೆಸಲು ಕಲಿಸಿದ್ದರು. ನಾವು ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದೆವು. ಎರಡು ವರ್ಷಗಳಲ್ಲಿ ನಾನು ಸಾಕಷ್ಟು ಪಳಗಿದ್ದೆ. ಅಜ್ಜನೂ ಒಮ್ಮೆ ತಲೆದೂಗಿದ್ದರು. ಆ ವರ್ಷ ಧರ್ಮಕೇಂದ್ರದ ಹಬ್ಬಕ್ಕೆ ಮುಂಬಯಿಯಿಂದಲೂ ಕೊಲ್ಲಿ ದೇಶಗಳಿಂದಲೂ ನೆಂಟರು ಬಂದಿದ್ದರು. ಬಲಿಪೂಜೆ ಮುಗಿದು ಊಟವಾದ ಮೇಲೆ, ಮಕ್ಕಳನ್ನು ನದಿಯಲ್ಲಿ ಸುತ್ತಾಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಮನೆಯ ಮುಂದಿನ ಕಲ್ಲಿನ ಮೆಟ್ಟಿಲುಗಳ ಮೇಲೆ ಇಪ್ಪತ್ತೈದು ಮೂವತ್ತು ಮಂದಿ ಕುಳಿತಿದ್ದರು. ಒಂದೆರಡು ಸಲ ಮಕ್ಕಳನ್ನು ಕರೆದೊಯ್ದು ಬಂದೆ. ಪ್ರತಿ ಸಲವೂ ಹಿಂದಿನದಕ್ಕಿಂತ ಸ್ವಲ್ಪ ವೇಗವಾಗಿ ಬಂದು, ಕೊನೆಯ ಗಳಿಗೆಯಲ್ಲಿ ರಿವರ್ಸ್ ಗೇರು ಹಾಕಿ ನಿಲ್ಲಿಸಿದೆ. ಮೆಟ್ಟಿಲುಗಳಿಂದ ಚಪ್ಪಾಳೆ ಕೇಳಿಸಿತು.

ಮೂರನೆಯ ಸಲ ಮಕ್ಕಳನ್ನು ಇಳಿಸಿ, ಹದಿನಾರು ವರ್ಷದ ನನ್ನ ತಮ್ಮನೊಬ್ಬನನ್ನೇ ಕೂರಿಸಿಕೊಂಡು ಹೋದೆ. ಹಿಂತಿರುಗುವಾಗ ಇಳಿತ ಆರಂಭವಾಗಿತ್ತು. ಸೆಳೆತ ನನ್ನ ಬೆನ್ನ ಹಿಂದಿನಿಂದ ಬರುತ್ತಿತ್ತು. ಮೆಟ್ಟಿಲುಗಳನ್ನು ದಾಟಿ ಕೆಳಗೆ ಹೋಗಿ, ಮೂತಿ ತಿರುಗಿಸಿಕೊಂಡು ಸೆಳೆತಕ್ಕೆ ಎದುರಾಗಿ ಬರಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹಾಗೆ ಬಂದರೆ ನಿಧಾನವಾಗುತ್ತದೆ. ನೋಡುವವರಿಗೆ ಹಿಂಜರಿದಂತೆ ಕಾಣುತ್ತದೆ. ನೇರವಾಗಿ ಬಂದೆ. ತಮ್ಮ ಹಗ್ಗ ಹಿಡಿದು ಮುಂದೆ ನಿಂತಿದ್ದ. ಕೊನೆಯ ಗಳಿಗೆಯಲ್ಲಿ ರಿವರ್ಸ್ ಹಾಕಿದಾಗ ಎಂಜಿನ್ ಒಮ್ಮೆ ಕೆಮ್ಮಿ ನಿಂತುಹೋಯಿತು. ದೋಣಿ ನಿಲ್ಲಲಿಲ್ಲ. ಕಲ್ಲಿನ ಮೆಟ್ಟಿಲಿಗೆ ಬಡಿಯದಂತೆ ತಡೆಯಲು ತಮ್ಮ ತನ್ನ ಬಲಗಾಲನ್ನು ಮುಂದೆ ಚಾಚಿದ.

ಮುಂದಿನದನ್ನು ವಿವರಿಸುವ ಅಗತ್ಯವಿಲ್ಲ. ದೋಣಿಗೂ ದಡಕ್ಕೂ ನಡುವೆ ಕೈಕಾಲು ಇಡಬಾರದೆಂಬುದು ದೋಣಿ ಹತ್ತುವ ಪ್ರತಿಯೊಬ್ಬರಿಗೂ ಮೊದಲು ಹೇಳಬೇಕಾದ ಮಾತು. ನಾನು ಅವನಿಗೆ ಅದನ್ನು ಹೇಳಿರಲಿಲ್ಲ. ಎರಡು ಶಸ್ತ್ರಚಿಕಿತ್ಸೆಗಳ ನಂತರ ಅವನು ನಡೆದಾಡುವಂತಾದ. ಆದರೆ ಅವನ ಪಾದದ ಕೀಲು ಮತ್ತೆ ಮೊದಲಿನಂತೆ ಮಡಚಲಿಲ್ಲ. ಶಾಲೆಯಲ್ಲಿ ಓಟದ ಸ್ಪರ್ಧೆಗಳಲ್ಲಿ ಬಹುಮಾನ ತರುತ್ತಿದ್ದ ಹುಡುಗ ಅವನು.

“ಎಂಜಿನ್ ಕೈಕೊಟ್ಟಿತು.” ಆ ದಿನ ಎಲ್ಲರಿಗೂ ನಾನು ಹೇಳಿದ ಮಾತು ಇದು. ತಾಯಿಗೆ ಹೇಳಿದೆ, ವೈದ್ಯರಿಗೆ ಹೇಳಿದೆ, ಮಾವನಿಗೆ ಹೇಳಿದೆ. ಅದು ಸುಳ್ಳಲ್ಲ, ಎಂಜಿನ್ ನಿಜಕ್ಕೂ ನಿಂತಿತ್ತು. ಆದರೂ ನಾನು ಹೇಳಿದ ಸುಳ್ಳುಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಗರ್ವವು ಮೊದಲು ನಮ್ಮಿಂದ ತಪ್ಪು ಮಾಡಿಸುತ್ತದೆ. ಆಮೇಲೆ ಆ ತಪ್ಪಿಗೆ ಬೇರೊಂದು ಹೆಸರನ್ನೂ ಅದೇ ಹುಡುಕಿಕೊಡುತ್ತದೆ.

ಸಣ್ಣ ನದಿಯ ಸಣ್ಣ ದೋಣಿಯಲ್ಲಿ ನಡೆದದ್ದು ಮಹಾ ಹಡಗುಗಳಲ್ಲಿಯೂ ನಡೆಯುತ್ತದೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಬಳಿ ‘ಕೋಸ್ಟಾ ಕಾನ್ಕಾರ್ಡಿಯಾ’ ಎಂಬ ಪ್ರವಾಸಿ ಹಡಗು ಬಂಡೆಗೆ ಬಡಿದು ಒರಗಿತು. ಅದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದರು. 32 ಮಂದಿ ಪ್ರಾಣ ಕಳೆದುಕೊಂಡರು. ಬಿರುಗಾಳಿಯಿರಲಿಲ್ಲ, ಶತ್ರುವಿರಲಿಲ್ಲ. ದಡದಲ್ಲಿರುವವರು ನೋಡಲೆಂದು, ದ್ವೀಪಕ್ಕೊಂದು ವಂದನೆ ಸಲ್ಲಿಸಲೆಂದು, ಕ್ಯಾಪ್ಟನ್ ಫ್ರಾಂಚೆಸ್ಕೊ ಸ್ಕೆಟ್ಟಿನೊ ಹಡಗನ್ನು ನಿಗದಿತ ಮಾರ್ಗದಿಂದ ದ್ವೀಪದ ತೀರಾ ಹತ್ತಿರಕ್ಕೆ ತಂದಿದ್ದ. ಬಂಡೆಗೆ ಬಡಿದ ನಂತರ ಹಡಗಿನಿಂದ ದಡದ ಅಧಿಕಾರಿಗಳಿಗೆ ಹೋದ ಮೊದಲ ಮಾತು, ವಿದ್ಯುತ್ ಹೋಗಿದೆ ಎಂಬುದಷ್ಟೇ. ವಿದ್ಯುತ್ ಹೋದದ್ದು ನಿಜವೇ ಆಗಿತ್ತು. ಪ್ರಯಾಣಿಕರೆಲ್ಲರೂ ಇಳಿಯುವ ಮೊದಲೇ ಕ್ಯಾಪ್ಟನ್ ಹಡಗನ್ನು ಬಿಟ್ಟಿದ್ದ. 2015ರಲ್ಲಿ ನ್ಯಾಯಾಲಯ ಅವನಿಗೆ 16 ವರ್ಷಗಳ ಸೆರೆವಾಸ ವಿಧಿಸಿತು. 2017ರಲ್ಲಿ ಇಟಲಿಯ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಈ ಸುದ್ದಿಯನ್ನು ಓದಿದಾಗ ಉಳಿದವರಂತೆ ನಾನು ಆ ಮನುಷ್ಯನನ್ನು ಬೈಯಲಾರದೆ ಹೋದೆ. ‘ವಿದ್ಯುತ್ ಹೋಗಿದೆ’ ಎಂಬ ಮಾತಿನಲ್ಲಿ ನನಗೆ ‘ಎಂಜಿನ್ ಕೈಕೊಟ್ಟಿತು’ ಎಂಬ ನನ್ನದೇ ದನಿ ಕೇಳಿಸಿತು.

ನೋಡುವವರ ಕಣ್ಣಿಗೆ ನಮ್ಮನ್ನು ಬದಲಿಸುವ ಶಕ್ತಿಯಿದೆಯೆಂಬುದನ್ನು ವಿದ್ವಾಂಸರೂ ಪರೀಕ್ಷಿಸಿ ನೋಡಿದ್ದಾರೆ. ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರಾದ ಮನೋವಿಜ್ಞಾನಿ ರಾಬರ್ಟ್ ಝಾಯೊಂಟ್ಸ್ 1965ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು. ಚೆನ್ನಾಗಿ ರೂಢಿಯಾದ ಕೆಲಸವನ್ನು ಇತರರ ಮುಂದೆ ನಾವು ಇನ್ನೂ ಚೆನ್ನಾಗಿ ಮಾಡುತ್ತೇವೆ. ರೂಢಿಯಾಗದ, ತೊಡಕಿನ ಕೆಲಸವನ್ನು ಇತರರ ಮುಂದೆ ಇನ್ನಷ್ಟು ಕೆಡಿಸುತ್ತೇವೆ ಎಂಬುದು ಅದರ ಸಾರ. 1969ರಲ್ಲಿ ಅವರು ಮತ್ತು ಸಂಗಡಿಗರು ಜಿರಲೆಗಳನ್ನು ಓಡಿಸಿ ನೋಡಿದರೆಂದರೆ ನಿಮಗೆ ನಗು ಬರಬಹುದು. ನೋಡಲು ಬೇರೆ ಜಿರಲೆಗಳಿದ್ದಾಗ ನೇರ ದಾರಿಯಲ್ಲಿ ಅವು ಹೆಚ್ಚು ಬೇಗ ಓಡಿದವು. ತಿರುವಿನ ದಾರಿಯಲ್ಲಿ ಹೆಚ್ಚು ತಡಮಾಡಿದವು. ಅಂದಮೇಲೆ, ಜನರ ಮುಂದೆ ಕೈ ನಡುಗುವುದೂ ಕೈ ಚುರುಕಾಗುವುದೂ ಪಾಪವಲ್ಲ. ಅದು ಜೀವಿಗಳ ಸ್ವಭಾವ. ಆ ಸ್ವಭಾವವನ್ನು ಅರಿತೂ ನಾವೇನು ಮಾಡುತ್ತೇವೆ ಎಂಬಲ್ಲಿಂದ ನೀತಿಯ ಪ್ರಶ್ನೆ ಆರಂಭವಾಗುತ್ತದೆ.

ಸಂತ ಆಗಸ್ಟಿನ್‌ರು ತಮ್ಮ ‘ನಿವೇದನೆ’ಗಳಲ್ಲಿ ಹದಿಹರೆಯದಲ್ಲಿ ಗೆಳೆಯರೊಡನೆ ಪೇರು ಹಣ್ಣುಗಳನ್ನು ಕದ್ದ ಪ್ರಸಂಗವನ್ನು ನೆನೆಯುತ್ತಾರೆ. ಹಸಿವಿಗಾಗಿ ಕದ್ದದ್ದಲ್ಲ, ಒಬ್ಬಂಟಿಯಾಗಿದ್ದರೆ ತಾನು ಕದಿಯುತ್ತಲೂ ಇರಲಿಲ್ಲವೆಂದು ಒಪ್ಪಿಕೊಳ್ಳುತ್ತಾರೆ. ಅದೇ ಗ್ರಂಥದಲ್ಲಿ ಮುಂದೆ, ಬಿಷಪರಾದ ಮೇಲೂ, ಹೊಗಳಿಕೆಯ ಆಸೆ ತನ್ನನ್ನು ಬಿಟ್ಟಿದೆಯೇ ಇಲ್ಲವೇ ಎಂದು ತನಗೇ ಖಚಿತವಾಗಿ ತಿಳಿಯದೆಂದು ಬರೆಯುತ್ತಾರೆ. ಅಷ್ಟು ದೊಡ್ಡ ಸಂತರಿಗೇ ತಿಳಿಯದಿದ್ದಾಗ ನಮಗೆ ಸುಲಭವಾಗಿ ತಿಳಿದೀತೆಂದು ಭಾವಿಸುವುದು ಇನ್ನೊಂದು ಗರ್ವವಾದೀತು.

ಆದರೆ ಸಂತ ಥಾಮಸ್ ಅಕ್ವಿನಾಸ್‌ರು ನಮ್ಮ ಕೈಗೊಂದು ಅಳತೆಗೋಲನ್ನು ಕೊಟ್ಟಿದ್ದಾರೆ. ನಮ್ಮಲ್ಲಿರುವ ಒಳಿತನ್ನು ನಾವು ಅರಿಯುವುದೂ, ಅದನ್ನು ಇತರರು ಮೆಚ್ಚುವುದೂ ತನ್ನಷ್ಟಕ್ಕೆ ಪಾಪವಲ್ಲವೆಂದು ಅವರು ಹೇಳುತ್ತಾರೆ. ಕೀರ್ತಿಯ ಬಯಕೆ ಪೊಳ್ಳಾಗುವುದು ಮೂರು ಬಗೆಯಲ್ಲಿ: ಯಾವುದಕ್ಕಾಗಿ ಹೊಗಳಿಕೆ ಬಯಸುತ್ತೇವೋ ಅದು ಹೊಗಳಿಕೆಗೆ ತಕ್ಕದ್ದಲ್ಲದಿದ್ದಾಗ, ಯಾರ ಹೊಗಳಿಕೆ ಬಯಸುತ್ತೇವೋ ಅವರ ತೀರ್ಪು ನೆಚ್ಚಲು ತಕ್ಕದ್ದಲ್ಲದಿದ್ದಾಗ, ಆ ಹೊಗಳಿಕೆಯನ್ನು ದೇವರ ಮಹಿಮೆಗಾಗಲಿ ನೆರೆಯವರ ಒಳಿತಿಗಾಗಲಿ ಸಲ್ಲಿಸದೆ ನಮ್ಮಲ್ಲಿಯೇ ಇಟ್ಟುಕೊಂಡಾಗ.

ಈ ಮೂರು ಪ್ರಶ್ನೆಗಳನ್ನು ಹಿಡಿದು ಆ ಹಬ್ಬದ ಮಧ್ಯಾಹ್ನಕ್ಕೆ ಹಿಂತಿರುಗೋಣ. ನಾನು ಬಯಸಿದ್ದು ಯಾವುದಕ್ಕೆ ಹೊಗಳಿಕೆ? ದೋಣಿಯನ್ನು ಸುರಕ್ಷಿತವಾಗಿ ತಂದದ್ದಕ್ಕಲ್ಲ. ಅಪಾಯಕ್ಕೆ ಕೂದಲೆಳೆಯಷ್ಟು ಹತ್ತಿರ ತಂದದ್ದಕ್ಕೆ. ಯಾರಿಂದ ಬಯಸಿದೆ? ದೋಣಿಯ ವಿಷಯ ಏನೂ ತಿಳಿಯದ ನೆಂಟರಿಂದ. ಬಲ್ಲವರಾದ ಅಜ್ಜ ಆ ಮೆಟ್ಟಿಲುಗಳ ಮೇಲೆಯೇ ಇದ್ದರು. ಅವರು ಚಪ್ಪಾಳೆ ತಟ್ಟಿರಲಿಲ್ಲ. ಅದನ್ನು ಕಂಡಿದ್ದೂ ಕಾಣದವನಂತೆ ಇದ್ದೆ. ಯಾರ ಒಳಿತಿಗಾಗಿ? ಇದಕ್ಕೆ ಉತ್ತರ ನನ್ನ ತಮ್ಮನ ಕಾಲಿನಲ್ಲಿದೆ. ಇನ್ನು ಸುಲ್ತಾನ್ ಬತ್ತೇರಿಯಲ್ಲಿ ಕಂಡ ಆ ವ್ಯಕ್ತಿಯನ್ನು ಇದೇ ಅಳತೆಗೆ ಒಡ್ಡಿದರೆ, ಅವರ ದೋಣಿಯಲ್ಲಿ ಮಕ್ಕಳಿದ್ದರು, ಮುದುಕಿಯರಿದ್ದರು. ಒಬ್ಬರೂ ಮುಗ್ಗರಿಸದೆ ಇಳಿದರು. ಅವರು ತಲೆಯೆತ್ತಿ ನಮ್ಮನ್ನು ನೋಡಿದ್ದು ಹಗ್ಗ ಕಟ್ಟಿದ ಮೇಲೆ. ಆ ಹೆಮ್ಮೆ ಕೆಲಸ ಮುಗಿದ ಮೇಲೆ ಬಂದ ಹೆಮ್ಮೆ. ನನ್ನದು ಕೆಲಸಕ್ಕಿಂತ ಮೊದಲೇ ಬಂದು ಚುಕ್ಕಾಣಿಯ ಬಳಿ ಕುಳಿತಿತ್ತು.

ಮತ್ತಾಯನ ಶುಭಸಂದೇಶದ ಪರ್ವತ ಪ್ರಬೋಧನೆಯನ್ನು ಓದುವಾಗ ಬಹುಕಾಲ ನನ್ನನ್ನು ಕಾಡಿದ ಒಂದು ಗೊಂದಲವಿತ್ತು. ಐದನೆಯ ಅಧ್ಯಾಯದಲ್ಲಿ ಪ್ರಭು ಯೇಸು ನಮ್ಮ ಬೆಳಕು ಜನರ ಮುಂದೆ ಕಾಣುವಂತಿರಲಿ, ದೀಪವನ್ನು ಮುಚ್ಚಿಡಬೇಡಿ ಎಂಬರ್ಥದ ಬೋಧನೆ ನೀಡುತ್ತಾರೆ. ಆರನೆಯ ಅಧ್ಯಾಯದಲ್ಲಿ, ಜನರು ನೋಡಲೆಂದು ದಾನವನ್ನೂ ಪ್ರಾರ್ಥನೆಯನ್ನೂ ಉಪವಾಸವನ್ನೂ ಮಾಡಬೇಡಿ ಎಂದು ಎಚ್ಚರಿಸುತ್ತಾರೆ. ಕಾಣಬೇಕೇ, ಕಾಣಬಾರದೇ? ದೋಣಿಯ ನೆನಪು ಈ ಗೊಂದಲವನ್ನು ನನಗೆ ಸ್ವಲ್ಪ ಬಿಡಿಸಿತು. ಜೆಟ್ಟಿ ಇರುವುದೇ ಎಲ್ಲರ ಕಣ್ಣೆದುರು. ದೋಣಿಯನ್ನು ಬಚ್ಚಿಟ್ಟು ದಡ ಸೇರಿಸಲಾಗದು. ಒಳ್ಳೆಯ ತಾಂಡೇಲ ನೋಡುವವರಿಂದ ಓಡಿಹೋಗುವುದಿಲ್ಲ. ಅವರಿಗಾಗಿ ದಾರಿಯನ್ನು ಬದಲಿಸುವುದೂ ಇಲ್ಲ. ದೀಪ ಕಾಣುವುದು ಮನೆಯಲ್ಲಿರುವವರಿಗೆ ದಾರಿ ತೋರಲೆಂದು. ದೀಪ ತನ್ನನ್ನೇ ನೋಡಿಕೊಳ್ಳತೊಡಗಿದರೆ ಮನೆಯವರು ಎಡವುತ್ತಾರೆ.

ಅಪಘಾತವಾದ ಮೇಲೆ ಒಂದು ವರ್ಷ ನಾನು ಎಂಜಿನ್ ಮುಟ್ಟಲಿಲ್ಲ. ಒಂದು ದಿನ ಅಜ್ಜ ತಾವಾಗಿಯೇ ಬಂದು, “ಬಾ ಮಗಾ, ದೋಣಿ ತೆಗಿ” ಎಂದರು. ನದಿಯ ಮೇಲ್ಭಾಗದಲ್ಲಿ ಯಾರೂ ಇಲ್ಲದ ಒಂದು ಹಳೆಯ ದಕ್ಕೆಗೆ ಕರೆದೊಯ್ದರು. ಭರತದಲ್ಲಿ, ಇಳಿತದಲ್ಲಿ, ಗಾಳಿಯಲ್ಲಿ, ಮತ್ತೆ ಮತ್ತೆ ದೋಣಿಯನ್ನು ತಂದು ನಿಲ್ಲಿಸುವಂತೆ ಮಾಡಿದರು. ಬೈಯಲಿಲ್ಲ, ಹೊಗಳಲೂ ಇಲ್ಲ. ಒಂದೇ ನಿಯಮ ಹೇಳಿದರು: ಯಾವ ವೇಗದಲ್ಲಿ ಬಡಿದರೂ ಯಾರಿಗೂ ಏನೂ ಆಗದೋ, ಅದಕ್ಕಿಂತ ಹೆಚ್ಚಿನ ವೇಗದಲ್ಲಿ ದಡಕ್ಕೆ ಬರಬೇಡ.

ಅದಾಗಿ ಕೆಲವು ವಾರಗಳ ಮೇಲೆ ಅಜ್ಜನೇ ಮದುವೆಯ ದಿಬ್ಬಣವನ್ನು ದೋಣಿಯಲ್ಲಿ ತರುತ್ತಿದ್ದರು. ದಡದ ತುಂಬ ಜನ. ನೀರಿನ ಸೆಳೆತದ ಜೊತೆಗೆ ಅಡ್ಡಗಾಳಿ ಎದ್ದಿತ್ತು. ಹತ್ತಿರ ಬಂದ ದೋಣಿ ಸ್ವಲ್ಪ ಓರೆಯಾಯಿತು. ಅಜ್ಜ ತಕ್ಷಣ ಹಿಂದೆ ಸರಿದು, ನದಿಯ ನಡುವಿಗೆ ಹೋಗಿ, ಮತ್ತೆ ಬಂದರು. ಎರಡನೆಯ ಸಲವೂ ಹೊಂದಲಿಲ್ಲ. ಮತ್ತೆ ಹಿಂದೆ ಹೋದರು. ದಡದಲ್ಲಿ ನಗು ಎದ್ದಿತು. “ಅಜ್ಜನಿಗೆ ವಯಸ್ಸಾಯಿತು” ಎಂದು ಯಾರೋ ಕೂಗಿದರು. ಅಜ್ಜನ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಮೂರನೆಯ ಸಲ ದೋಣಿ ಮೆಲ್ಲನೆ ಬಂದು ಒರಗಿತು. ಮದುಮಗಳು ತನ್ನ ಬಿಳಿಯ ಉಡುಪಿನ ಅಂಚು ಒದ್ದೆಯಾಗದಂತೆ ಇಳಿದಳು. ಆ ಹೊತ್ತು ನನಗೆ ಅರ್ಥವಾಯಿತು. ಒಂದೇ ಸಲಕ್ಕೆ ದಡ ಸೇರಿಸುವವನ ಕೌಶಲ ದೊಡ್ಡದೇ. ಆದರೆ ನಗುವವರ ಮುಂದೆ ಎರಡು ಸಲ ಹಿಂದೆ ಹೋಗಬಲ್ಲವನ ಕೌಶಲ ಅದಕ್ಕಿಂತ ದೊಡ್ಡದು. ನಮ್ಮ ಹೆಮ್ಮೆ ಯಾವ ಜಾತಿಯದೆಂದು ತಿಳಿಯಲು ನನಗೆ ಗೊತ್ತಿರುವ ಪರೀಕ್ಷೆ ಇದೊಂದೇ: ಎಲ್ಲರೂ ನೋಡುತ್ತಿರುವಾಗ ‘ಇದು ಸರಿಹೋಗಲಿಲ್ಲ, ಇನ್ನೊಮ್ಮೆ ಬರುತ್ತೇನೆ’ ಎಂದು ಹಿಂದೆ ಸರಿಯಲು ಆ ಹೆಮ್ಮೆ ನಮ್ಮನ್ನು ಬಿಡುತ್ತದೆಯೇ? ಬಿಟ್ಟರೆ ಅದು ವಿದ್ಯೆಯ ಹೆಮ್ಮೆ. ಬಿಡದಿದ್ದರೆ ಅದು ಗರ್ವ.

ಪ್ರಿಯ ಓದುಗರೇ, ನಿಮ್ಮಲ್ಲಿ ಹೆಚ್ಚಿನವರು ದೋಣಿ ನಡೆಸುವವರಲ್ಲ. ಆದರೆ ಪ್ರತಿಯೊಂದು ಮನೆಗೂ ತನ್ನದೇ ಜೆಟ್ಟಿಯಿದೆ. ಮಗಳ ಮದುವೆಗೆ ಸಾಲ ಮಾಡಿ ಚಪ್ಪರ ಹಾಕಿಸುವ ತಂದೆಗೆ, ಸೆಳೆತ ಬೆನ್ನ ಹಿಂದಿದೆಯೆಂದು ಗೊತ್ತಿರುತ್ತದೆ. ತಿರುಗಿಸಿಕೊಂಡು ಬರಲು ನಾಚಿಕೆ. ತಾನು ಆಯ್ದ ಓದು ತನಗೆ ಒಗ್ಗುತ್ತಿಲ್ಲವೆಂದು ಒಂದು ವರ್ಷದಲ್ಲೇ ತಿಳಿದ ಹುಡುಗ, ನೆಂಟರು ಏನೆಂದಾರೆಂದು ಮೂರು ವರ್ಷ ಅದೇ ದಾರಿಯಲ್ಲಿ ನುಗ್ಗುತ್ತಾನೆ. ಮನೆಯಲ್ಲಿ ಮಕ್ಕಳ ಮುಂದೆ ತಪ್ಪು ಮಾತನಾಡಿದ ಅಪ್ಪ ‘ನಾನು ಹೇಳಿದ್ದು ತಪ್ಪಾಯಿತು’ ಎನ್ನಲಾರದೆ ದನಿ ಏರಿಸುತ್ತಾನೆ. ಇವರಾರೂ ಕೆಟ್ಟವರಲ್ಲ. ನೋಡುವವರನ್ನು ನೋಡುತ್ತಿರುವವರು, ಅಷ್ಟೇ. ಅವರ ದೋಣಿಯ ಮುಂದೆ ಹಗ್ಗ ಹಿಡಿದು ನಿಂತಿರುವವರು ಯಾರೆಂಬುದನ್ನು ಆ ಗಳಿಗೆಯಲ್ಲಿ ಮರೆತಿರುತ್ತಾರೆ.

ನೋಡುವವರಿಗೂ ಒಂದು ಕರ್ತವ್ಯವಿದೆ. ಅದನ್ನು ನಾವು ಬಹಳ ಸಲ ಮರೆಯುತ್ತೇವೆ. ಮೂವತ್ತು ಮಂದಿಯ ಚಪ್ಪಾಳೆ ಇರದಿದ್ದರೆ ಆ ದಿನ ನಾನು ಅಷ್ಟು ವೇಗವಾಗಿ ಬರುತ್ತಿರಲಿಲ್ಲ. ತಪ್ಪು ನನ್ನದೇ, ಚಪ್ಪಾಳೆಯದಲ್ಲ. ಆದರೂ ಯಾವುದಕ್ಕೆ ಚಪ್ಪಾಳೆ ತಟ್ಟುತ್ತೇವೆ, ಯಾವುದಕ್ಕೆ ನಗುತ್ತೇವೆ ಎಂಬುದರಿಂದ ಎಳೆಯರು ಬದುಕಿನ ವೇಗವನ್ನು ಗೊತ್ತುಮಾಡಿಕೊಳ್ಳುತ್ತಾರೆ. ದೇವಾಲಯದಲ್ಲಿ ಮೊದಲ ಸಲ ವಾಚನ ಮಾಡುವ ಹುಡುಗಿ ಒಂದು ಸಾಲಿನಲ್ಲಿ ತಡವರಿಸಿ, ನಿಂತು, ಮತ್ತೆ ಮೊದಲಿನಿಂದ ಓದಿದರೆ, ಮನೆಗೆ ಬಂದ ಮೇಲೆ ಅವಳಿಗೆ ನಾವು ಏನು ಹೇಳುತ್ತೇವೆ? ತಡವರಿಸಿದೆಯಲ್ಲಾ ಎನ್ನುತ್ತೇವೆಯೇ? ಮತ್ತೆ ಮೊದಲಿನಿಂದ ಓದಿದೆಯಲ್ಲ, ಅದು ಚೆನ್ನಾಗಿತ್ತು ಎನ್ನುತ್ತೇವೆಯೇ? ಹಿಂದೆ ಸರಿದವರನ್ನು ನೋಡಿ ನಗದಿರುವುದು ಒಂದು ದೊಡ್ಡ ದಾನ. ಅದಕ್ಕೆ ಹಣ ಬೇಕಿಲ್ಲ.

ತಮ್ಮನಿಗೆ ನಾನು ನಿಜವನ್ನು ಹೇಳಿದ್ದು ಬಹಳ ವರ್ಷಗಳ ನಂತರ, ತಾಯಿಯ ವರ್ಷದ ಬಲಿಪೂಜೆ ಮುಗಿಸಿ ಇಬ್ಬರೂ ಅದೇ ಮೆಟ್ಟಿಲುಗಳ ಮೇಲೆ ಕುಳಿತಿದ್ದಾಗ. ಎಂಜಿನ್ನಿನದು ತಪ್ಪಲ್ಲ, ನಾನು ತಿರುಗಿಸಿಕೊಂಡು ಬರಬೇಕಿತ್ತು ಎಂದೆ. ಅವನು ನದಿಯನ್ನೇ ನೋಡುತ್ತಿದ್ದ. “ನನಗೆ ಆವತ್ತೇ ಗೊತ್ತಿತ್ತು ಅಣ್ಣಾ” ಎಂದ. “ಮುಂದೆ ನಿಂತವನು ನಾನಲ್ಲವೇ? ಹಿಂತಿರುಗಿ ನಿನ್ನನ್ನು ನೋಡಿದೆ. ನೀನು ನೀರು ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಮೆಟ್ಟಿಲ ಕಡೆ ನೋಡಿ ನಗುತ್ತಿದ್ದೆ.” ಇಷ್ಟು ವರ್ಷ ಅದನ್ನು ಯಾರಿಗೂ ಏಕೆ ಹೇಳಲಿಲ್ಲವೆಂದು ಕೇಳಿದೆ. “ನೀನೇ ಹೇಳಲಿ ಎಂದು ಕಾದೆ” ಎಂದ.

ನಾನು ಮತ್ತೆ ಮತ್ತೆ ಹಿಂದೆ ಹೋಗಿ, ಕೊನೆಗೊಮ್ಮೆ ದಡ ಸೇರುವವರೆಗೆ ನಗದೆ ಕಾದ ನೋಡುಗ ಅವನೊಬ್ಬನೇ. ನಮ್ಮೆಲ್ಲರ ಬದುಕಿನ ದೋಣಿಯನ್ನು ದಡದಲ್ಲಿ ನಿಂತು ನೋಡುತ್ತಿರುವ ದೇವರೂ ಹೀಗೆಯೇ ಕಾಯುತ್ತಿರಬಹುದೆಂದು ಆ ಸಂಜೆಯಿಂದ ನಾನು ನಂಬಿದ್ದೇನೆ. ಆ ಒಬ್ಬ ನೋಡುಗನ ಮುಂದೆ ವೇಗವಾಗಿ ಬಂದು ಮೆಚ್ಚಿಸಬೇಕಾದ್ದು ಏನೂ ಇಲ್ಲ. ದೋಣಿಯಲ್ಲಿ ಕುಳಿತವರನ್ನು ಒಬ್ಬರೂ ನೋಯದಂತೆ ಇಳಿಸಿದರೆ ಸಾಕು. ಹಗ್ಗ ಕಟ್ಟಿದ ಮೇಲೆ ತಲೆಯೆತ್ತಿ ನೋಡಲು ನಮಗೂ ಅವಕಾಶ ಸಿಕ್ಕೀತು.